ಹಳೆಯ ಅನಲಾಗ್ ಸ್ಟೆಪ್ ಸೀಕ್ವೆನ್ಸರ್: ಮೂರನೇ ಹಂತದ ಸ್ವರ ಸ್ಥಿರವಾಗಿ ನಿಲ್ಲುತ್ತಿಲ್ಲ. ದುರಸ್ತಿ ಮಾಡಲೇ, ಹೊಸದು ಕೊಳ್ಳಲೇ?

ಮಂದ್ರಸ್ಥಾಯಿ
ನನ್ನ ಮಾಡ್ಯುಲರ್ ಸಿಂಥಸೈಜರಿಗೆ (ಬಿಡಿ ಮಾಡ್ಯೂಲುಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಜೋಡಿಸಿರುವ ಸೀಕ್ವೆನ್ಸರ್ 1970ರ ದಶಕದ್ದು. ನಾಬ್‌ಗಳಲ್ಲಿ ಹೊಂದಿಸಿದ ವೋಲ್ಟೇಜುಗಳನ್ನು ಹಂತ ಹಂತವಾಗಿ ಕೊಟ್ಟು, ಸ್ವರಗಳ ಸಾಲನ್ನು ಮತ್ತೆ ಮತ್ತೆ ನುಡಿಸುವ ಯಂತ್ರ ಇದು. ಎಂಟು ಹಂತ, ಮೂರು ಸಾಲು, ಒಟ್ಟು 24 ನಾಬ್. ಸದ್ಯಕ್ಕೆ ಮೂರು ತೊಂದರೆಗಳಿವೆ. ಮೂರನೇ ಹಂತಕ್ಕೆ ಬಂದಾಗ ಸ್ವರ ಒಮ್ಮೊಮ್ಮೆ ಸುಮಾರು ಅರ್ಧಸ್ವರದಷ್ಟು ಮೇಲಕ್ಕೆ ಜಿಗಿಯುತ್ತದೆ. ವೇಗ ಹೆಚ್ಚಿಸಿದರೆ ಐದನೇ ಹಂತದಿಂದ ಆರನ್ನು ಬಿಟ್ಟು ಏಳಕ್ಕೆ ಹಾರುತ್ತದೆ. ಇವೆರಡೂ ಸಾಲದೆಂಬಂತೆ, ಆನ್ ಮಾಡಿದ ಮೇಲೆ ಬಹಳ ಹೊತ್ತು ಇಡೀ ಸಾಲಿನ ಶ್ರುತಿ ನಿಧಾನವಾಗಿ ಜಾರುತ್ತಲೇ ಇರುತ್ತದೆ.

ಹೊಸ ಸೀಕ್ವೆನ್ಸರ್ ತೆಗೆದುಕೊಂಡರೆ ಮೆಮೊರಿ ಇರುತ್ತದೆ, 64 ಹಂತ ಇರುತ್ತದೆ, ಶ್ರುತಿಯ ಗೋಜಿಲ್ಲ. ಆದರೂ ಇದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲ. ಹಳೆಯದರಲ್ಲಿ ನಿಜವಾಗಿಯೂ ಏನಾದರೂ ಇದೆಯೇ, ಅಥವಾ ಅದು ನಮ್ಮ ಮೋಹವೇ? ಬಲ್ಲವರು ಹೇಳಿ.

ಕೆಂಪುಕೇಬಲ್
ಹೊಸದು ತೆಗೆದುಕೊಳ್ಳಿ. ಸಂಗೀತ ಮಾಡುವ ಸಮಯವನ್ನು ದುರಸ್ತಿಗೆ ಸುರಿಯಬೇಡಿ.

ಬೆಸುಗೆಗಾರ
ಮಾರುವ ಮಾತು ಆಮೇಲೆ. ಮೂರು ತೊಂದರೆಗಳಿಗೂ ಒಂದೇ ಕಾರಣ ಇರಬೇಕೆಂದಿಲ್ಲ. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿ.

ಮೊದಲು ಮೂರನೇ ಹಂತ. ಸೀಕ್ವೆನ್ಸರನ್ನು ನಿಲ್ಲಿಸಿ, ಮೂರನೇ ಹಂತದ ಗುಂಡಿಯನ್ನು ಕೈಯಿಂದ ಒತ್ತಿ ಅಲ್ಲಿಯೇ ನಿಲ್ಲುವಂತೆ ಮಾಡಿ. ಈಗ ಮೂರೂ ಸಾಲುಗಳ ಔಟ್‌ಪುಟ್ ಅನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೂರು ಸಾಲುಗಳಲ್ಲೂ ವೋಲ್ಟೇಜ್ ಕುಣಿದರೆ ದೋಷ ಆ ಹಂತಕ್ಕೆ ವಿದ್ಯುತ್ ಹರಿಸುವ ಭಾಗದಲ್ಲಿದೆ: ಟ್ರಾನ್ಸಿಸ್ಟರ್, ಡಯೋಡ್ ಅಥವಾ ಬಿರುಕುಬಿಟ್ಟ ಬೆಸುಗೆ. ಒಂದೇ ಸಾಲಿನಲ್ಲಿ ಕುಣಿದರೆ ಆ ನಾಬಿನ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ಬದಲಾಗುವ ಪ್ರತಿರೋಧಕ) ಕೆಟ್ಟಿದೆ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತಿರಬಹುದು, ಇಲ್ಲವೇ ಪಟ್ಟಿ ಸವೆದಿರಬಹುದು.

ಮೀಟರನ್ನು 20 ವೋಲ್ಟ್ ಶ್ರೇಣಿಯಲ್ಲಿ ಇಡಬೇಡಿ. ಸಾಮಾನ್ಯ ಮೀಟರ್ ಅಲ್ಲಿ 10 ಮಿಲಿವೋಲ್ಟಿಗಿಂತ ಸಣ್ಣ ಬದಲಾವಣೆಯನ್ನು ತೋರಿಸುವುದಿಲ್ಲ. ಒಂದು ಸ್ಥಾಯಿಗೆ ಒಂದು ವೋಲ್ಟ್ ಎಂಬ ಪದ್ಧತಿಯಲ್ಲಿ ಒಂದು ಅರ್ಧಸ್ವರ ಎಂದರೆ 83.3 ಮಿಲಿವೋಲ್ಟ್. 10 ಮಿಲಿವೋಲ್ಟ್ ಎಂದರೆ ಆಗಲೇ 12 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ). ಅಷ್ಟು ಶ್ರುತಿ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ, ಮೀಟರಿಗೆ ಗೊತ್ತಾಗುವುದಿಲ್ಲ. ಸೀಕ್ವೆನ್ಸರಿನ ನಾಬನ್ನು ಕೆಳಗಿಳಿಸಿ, ಮೀಟರಿನ 2 ವೋಲ್ಟ್ ಶ್ರೇಣಿಯಲ್ಲಿ ಅಳೆಯಿರಿ.

ಅಲೆಗಳಲೆಕ್ಕ
ಹಂತ ಹಾರುವ ವಿಚಾರ: ಕ್ಲಾಕ್ (ಮುಂದಿನ ಹಂತಕ್ಕೆ ಹೋಗು ಎಂಬ ಸೂಚನೆ) ಒಳಗಿನದೋ, ಹೊರಗಿನಿಂದ ಕೊಡುತ್ತಿದ್ದೀರೋ? ಹೊರಗಿನದಾದರೆ ಯಾವ ಆಕಾರದ ಅಲೆ?

ಮಂದ್ರಸ್ಥಾಯಿ
ಹೊರಗಿನದು. ನಿಧಾನದ ಆಸಿಲೇಟರಿನಿಂದ (ಅಲೆ ಹುಟ್ಟಿಸುವ ಮಾಡ್ಯೂಲ್) ಸೈನ್ ಅಲೆ.

ಅಲೆಗಳಲೆಕ್ಕ
ಚೌಕ ಅಲೆ ಕೊಟ್ಟು ನೋಡಿ. ಸೈನ್ ಅಲೆ ನಿಧಾನವಾಗಿ ಏರುತ್ತದೆ. ಕ್ಲಾಕ್ ಮಂಡಲ ಯಾವ ವೋಲ್ಟೇಜಿಗೆ ಎಚ್ಚರವಾಗುತ್ತದೋ ಆ ಗಡಿಯ ಆಸುಪಾಸಿನಲ್ಲಿ ಅದು ಸ್ವಲ್ಪ ಹೊತ್ತು ಸುಳಿದಾಡುತ್ತದೆ. ಆಗ ಸಣ್ಣ ಗದ್ದಲ ಸೇರಿದರೂ ಗಡಿಯನ್ನು ಎರಡು ಸಲ ದಾಟಿದಂತಾಗಿ, ಸೀಕ್ವೆನ್ಸರ್ ಎರಡು ಹೆಜ್ಜೆ ಇಡುತ್ತದೆ. ನಂತರದ ಕಾಲದ ವಿನ್ಯಾಸಗಳಲ್ಲಿ ಇದಕ್ಕಾಗಿಯೇ ಶ್ಮಿಟ್ ಟ್ರಿಗರ್ ಇರುತ್ತದೆ. ಮೇಲೇರುವಾಗ ಒಂದು ಗಡಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಇನ್ನೊಂದು ಗಡಿ. ನಡುವೆ ಸುಳಿದಾಡಿದರೆ ಏನೂ ಆಗುವುದಿಲ್ಲ.

ನಿಧಾನಲಯ
ಇಷ್ಟೆಲ್ಲ ಕೇಳಿದ ಮೇಲೂ ಹಳೆಯದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಸೀಕ್ವೆನ್ಸರ್ ಓಡುತ್ತಿರುವಾಗಲೇ ನಾಲ್ಕನೇ ಹಂತದ ನಾಬ್ ತಿರುಗಿಸಿ. ಉಳಿದ ಏಳು ಸ್ವರಗಳು ಕದಲುವುದಿಲ್ಲ, ಆ ಒಂದು ಮಾತ್ರ ಮೆಲ್ಲನೆ ಏರುತ್ತಾ ಹೋಗಿ, ಎಲ್ಲೋ ಒಂದು ಕಡೆ ಹಿಡಿಸಿತು ಅನ್ನಿಸಿದಾಗ ನಿಲ್ಲುತ್ತದೆ. ಯಾವ ಮೆನುವನ್ನೂ ತೆರೆಯಬೇಕಿಲ್ಲ. ಇಡೀ ಸಾಲು ಕಣ್ಣೆದುರು ಹರಡಿಕೊಂಡಿರುತ್ತದೆ. ಸಿಂಥಸೈಜರ್ ತಯಾರಕ ರಾಬರ್ಟ್ ಮೂಗ್ ಸೀಕ್ವೆನ್ಸರನ್ನು ಕಂಡುಹಿಡಿದ ದಿನದಿಂದ ಇದೇ ಅದರ ಶಕ್ತಿ.

ಹಳೆಯತಂತಿ
ಒಂದು ತಿದ್ದುಪಡಿ. ಸೀಕ್ವೆನ್ಸರ್ ಕಂಡುಹಿಡಿದವರು ಮೂಗ್ ಅಲ್ಲ. ಅವರ ಸೀಕ್ವೆನ್ಸರ್ ಆದ ಮೂಗ್ 960 ಬಂದದ್ದು 1968ರ ಸುಮಾರಿಗೆ. ಅದಕ್ಕೂ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋ ಟೇಪ್ ಮ್ಯೂಸಿಕ್ ಸೆಂಟರಿನ ಸಂಗೀತ ಸಂಯೋಜಕರಾದ ಮಾರ್ಟನ್ ಸುಬೋಟ್ನಿಕ್ ಮತ್ತು ರಾಮೋನ್ ಸೆಂಡರ್ ಅವರಿಗಾಗಿ ಡಾನ್ ಬುಕ್ಲಾ ತಮ್ಮ 100 ಸರಣಿಯ ಮಾಡ್ಯುಲರ್ ಸಿಂಥಸೈಜರನ್ನು ಕಟ್ಟಿದ್ದರು. ಅದರಲ್ಲಿ ಎಂಟು ಹಂತದ 123 ಎಂಬ ಸೀಕ್ವೆನ್ಸರ್ ಇತ್ತು, 16 ಹಂತದ 146 ಇತ್ತು. ಟೇಪಿನ ತುಣುಕುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸದಿಂದ ಪಾರಾಗುವುದು ಅವರಿಗೆ ಬೇಕಾಗಿತ್ತು. ಹಾಗಾಗಿ ಅಲ್ಲಿ ಸೀಕ್ವೆನ್ಸರ್ ಮೊದಲಿನಿಂದಲೂ ವ್ಯವಸ್ಥೆಯ ನಡುಮನೆಯಲ್ಲೇ ಇತ್ತು. ಕೀಬೋರ್ಡಿನ ಜೊತೆಗೆ ಆಮೇಲೆ ಸೇರಿಸಿದ ಪರಿಕರ ಆಗಿರಲಿಲ್ಲ.

ಇನ್ನೂ ಹಿಂದೆ ಹೋದರೆ ಎಲೆಕ್ಟ್ರಾನಿಕ್ ವಾದ್ಯಗಳನ್ನು ಕಟ್ಟಿದ ಸಂಗೀತಗಾರ ರೇಮಂಡ್ ಸ್ಕಾಟ್ ಸಿಗುತ್ತಾರೆ. ಅವರ ಸರ್ಕಲ್ ಮಷೀನಿನಲ್ಲಿ ದೀಪಗಳ ಒಂದು ವೃತ್ತ. ನಡುವೆ ತಿರುಗುವ ತೋಳಿನ ತುದಿಯಲ್ಲಿ ಬೆಳಕನ್ನು ಗ್ರಹಿಸುವ ಫೋಟೋಸೆಲ್. ಒಂದೊಂದು ದೀಪದ ಪ್ರಖರತೆಯನ್ನೂ ಬೇರೆ ಬೇರೆ ಹೊಂದಿಸಬಹುದು. ತೋಳು ಸುತ್ತಿದಂತೆ ಬೆಳಕು ಹೆಚ್ಚು ಕಡಿಮೆಯಾಗಿ, ಅದರಂತೆ ಧ್ವನಿಯೂ ಬದಲಾಗುತ್ತದೆ. ಯುವಕ ರಾಬರ್ಟ್ ಮೂಗ್ ಸ್ಕಾಟ್ ಅವರ ಕಾರ್ಯಾಗಾರವನ್ನು ಕಣ್ಣಾರೆ ಕಂಡಿದ್ದರು.

ನಿಧಾನಲಯ
ಸರಿ, ಮೂಗ್‌ಗಿಂತ ಮೊದಲು ಮಾಡಿದ್ದು ಬುಕ್ಲಾ. ಆದರೆ ಜನರ ಕಿವಿಯಲ್ಲಿ ಸೀಕ್ವೆನ್ಸರ್ ಎಂದರೆ ಹೀಗಿರುತ್ತದೆ ಎಂಬ ಕಲ್ಪನೆ ನಿಂತದ್ದು 960ರಿಂದ. ಬರ್ಲಿನ್ನಿನವರ ಕೆಲಸವನ್ನು ಮರೆಯಲಾಗದು. ಅಲ್ಲಿನ ಟ್ಯಾಂಜರೀನ್ ಡ್ರೀಮ್ ತಂಡದ ಕ್ರಿಸ್ ಫ್ರಾಂಕೆ ಎಂಟು ಸ್ವರದ ಸಾಲನ್ನು ಓಡಲು ಬಿಟ್ಟು, ಕೀಬೋರ್ಡಿನ ವೋಲ್ಟೇಜನ್ನು ಅದಕ್ಕೆ ಕೂಡಿಸಿ ಇಡೀ ಸಾಲನ್ನೇ ಮೇಲೆ ಕೆಳಗೆ ಸರಿಸುತ್ತಿದ್ದರು. ಅವರ 1974ರ ಆಲ್ಬಂ ಫೇಡ್ರಾದ ಶೀರ್ಷಿಕೆ ಕೃತಿಯಲ್ಲಿ ಮಂದ್ರದ ಸಾಲಿನ ಶ್ರುತಿ ಜಾರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡರು. ಅದನ್ನು ಕೇಳಿದ ಮೇಲೂ ಶ್ರುತಿ ಜಾರುವುದು ದೋಷ ಎಂದು ಹೇಳುತ್ತೀರಾ?

ಕೆಂಪುಕೇಬಲ್
ಹೇಳುತ್ತೇನೆ. ಒಂದು ಧ್ವನಿಮುದ್ರಣದಲ್ಲಿ ಅದು ಚೆಂದ ಕಂಡಿತು ಎಂದ ಮಾತ್ರಕ್ಕೆ ಪ್ರತಿದಿನ ನನ್ನ ವಾದ್ಯ ಜಾರಬೇಕೇ? ಇತರ ವಾದ್ಯಗಳೊಂದಿಗೆ ಸೇರಿ ನುಡಿಸಬೇಕಾದಾಗ ಈ ಕಾವ್ಯ ಯಾರಿಗೂ ಬೇಡ.

ಬೆಸುಗೆಗಾರ
ಇಬ್ಬರೂ ಒಂದು ಸಂಗತಿಯನ್ನು ಗಮನಿಸಿ. ಬಿಸಿಯಾದಂತೆ ಜಾರುವುದು ಬಹುತೇಕ ಸಂದರ್ಭಗಳಲ್ಲಿ ಆಸಿಲೇಟರ್, ಸೀಕ್ವೆನ್ಸರ್ ಅಲ್ಲ. ವೋಲ್ಟೇಜನ್ನು ಘಾತೀಯವಾಗಿ ಆವರ್ತನಕ್ಕೆ ತಿರುಗಿಸುವ ಟ್ರಾನ್ಸಿಸ್ಟರ್ ಜೋಡಿ ಶಾಖಕ್ಕೆ ಬಹಳ ಸೂಕ್ಷ್ಮ. ಸೀಕ್ವೆನ್ಸರಿನ ನಾಬ್ ಎಂದರೆ ವೋಲ್ಟೇಜನ್ನು ಪಾಲು ಮಾಡುವ ಒಂದು ಪ್ರತಿರೋಧಕ ಅಷ್ಟೇ. ಇಡೀ ಪಟ್ಟಿ ಸಮನಾಗಿ ಬಿಸಿಯಾದರೆ ಪಾಲಿನ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ.

ಮಂದ್ರಸ್ಥಾಯಿ ಅವರೇ, ಯಂತ್ರವನ್ನು ಆನ್ ಮಾಡಿದ ಕೂಡಲೇ ಒಂದು ಹಂತದಲ್ಲಿ ನಿಲ್ಲಿಸಿ, ಮೀಟರನ್ನು ಸೀಕ್ವೆನ್ಸರಿನ ಔಟ್‌ಪುಟ್‌ನಲ್ಲೇ ಬಿಟ್ಟು, ಆಸಿಲೇಟರಿನ ಶ್ರುತಿಯನ್ನು ಕೇಳುತ್ತಾ ಕುಳಿತುಕೊಳ್ಳಿ. ಸ್ವರ ಜಾರಿದರೂ ಮೀಟರಿನ ಅಂಕಿ ಅಲುಗಾಡದಿದ್ದರೆ ಸೀಕ್ವೆನ್ಸರ್ ನಿರ್ದೋಷಿ.

ಅಂಕಿಯೂ ಜಾರಿದರೆ ಪವರ್ ಸಪ್ಲೈ ನೋಡಿ. ಇಷ್ಟು ವರ್ಷದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುವ ಸಾಧ್ಯತೆ ಹೆಚ್ಚು. ಮೀಟರನ್ನು ಎಸಿ ಶ್ರೇಣಿಗೆ ತಿರುಗಿಸಿ ಸಪ್ಲೈ ತಂತಿಯ ಮೇಲಿನ ಏರಿಳಿತ ಅಳೆಯಿರಿ. ಬದಲಾಯಿಸುವಾಗ ಪ್ಲಸ್ ಮೈನಸ್ ತಪ್ಪಬಾರದು. ಪೆಟ್ಟಿಗೆ ತೆರೆಯುವ ಮುಂಚೆ ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೆ ಕಾಯಿರಿ.

ರಾತ್ರಿಶ್ರುತಿ
ನನ್ನದೂ ಒಂದು ಪ್ರಶ್ನೆ. ಒಂದೇ ಸೀಕ್ವೆನ್ಸರಿನಿಂದ ಎರಡು ಆಸಿಲೇಟರುಗಳಿಗೆ ವೋಲ್ಟೇಜ್ ಹಂಚಿದಾಗ ಮೊದಲನೆಯದರ ಶ್ರುತಿಯೂ ಕೆಡುತ್ತದೆ. ಕೇಬಲ್ ಕಿತ್ತರೆ ಮತ್ತೆ ಸರಿ. ಇದು ಯಾವ ಕಾಯಿಲೆ?

ಅಲೆಗಳಲೆಕ್ಕ
ಕಾಯಿಲೆ ಅಲ್ಲ, ಓಮ್‌ನ ನಿಯಮ. ಔಟ್‌ಪುಟ್‌ನಲ್ಲಿ 1 ಕಿಲೋಓಮ್ ಪ್ರತಿರೋಧ, ಆಸಿಲೇಟರಿನ ಇನ್‌ಪುಟ್‌ನಲ್ಲಿ 100 ಕಿಲೋಓಮ್ ಇದೆ ಎಂದುಕೊಳ್ಳಿ. ಒಂದೇ ಆಸಿಲೇಟರ್ ಇದ್ದರೂ ಸುಮಾರು ಶೇ. 1ರಷ್ಟು ವೋಲ್ಟೇಜ್ ಕಡಿಮೆಯಾಗುತ್ತದೆ. 3 ವೋಲ್ಟಿನ ಸ್ವರದಲ್ಲಿ ಅದು 30 ಮಿಲಿವೋಲ್ಟ್, ಅಂದರೆ 36 ಸೆಂಟ್. ಅದನ್ನು ನೀವು ಕಿವಿಯಿಂದಲೇ ಸರಿಪಡಿಸಿಕೊಂಡು ನಾಬ್ ತಿರುಗಿಸಿರುತ್ತೀರಿ, ಹಾಗಾಗಿ ಗಮನಕ್ಕೆ ಬರುವುದಿಲ್ಲ. ಎರಡನೆಯ ಆಸಿಲೇಟರ್ ಸೇರಿದಾಗ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇಲಿನ ಸ್ವರಗಳು ಹೆಚ್ಚು ಇಳಿಯುತ್ತವೆ, ಕೆಳಗಿನವು ಕಡಿಮೆ. ಅಂದರೆ ಸ್ವರಗಳ ನಡುವಿನ ಅಂತರವೇ ಕುಗ್ಗುತ್ತದೆ. ಒಂದೇ ನಾಬಿನಿಂದ ಇಡೀ ಸಾಲನ್ನು ಸರಿಮಾಡಲಾಗದು. ನಡುವೆ ಬಫರ್ ಇರುವ ಮಲ್ಟಿಪಲ್ (ಒಂದು ವೋಲ್ಟೇಜನ್ನು ತಗ್ಗಿಸದೆ ಹಲವು ಕಡೆಗೆ ಹಂಚುವ ಮಾಡ್ಯೂಲ್) ಹಾಕಿ.

ರಾತ್ರಿಶ್ರುತಿ
ಅರ್ಥವಾಯಿತು. ಧನ್ಯವಾದಗಳು. ಇಷ್ಟು ದಿನ ಆಸಿಲೇಟರನ್ನು ಬೈಯುತ್ತಿದ್ದೆ.

ಹದಿನಾರುಹಂತ
ಎಲ್ಲರೂ ಮೂಗ್ ಬುಕ್ಲಾ ಎನ್ನುತ್ತಿದ್ದೀರಿ. ಎಆರ್‌ಪಿ ಕಂಪನಿಯ 1601 ಸೀಕ್ವೆನ್ಸರ್ ನೆನಪಿಲ್ಲವೇ? 16 ಸ್ಲೈಡರುಗಳು. ಬೇಕೆಂದರೆ 16 ಹಂತದ ಒಂದು ಸಾಲು, ಬೇಕೆಂದರೆ ಎಂಟು ಹಂತದ ಎರಡು ಸಾಲು. ಒಳಗೇ ಕ್ವಾಂಟೈಸರ್. ಸ್ಲೈಡರನ್ನು ಎಲ್ಲಿ ನಿಲ್ಲಿಸಿದರೂ ಹತ್ತಿರದ ಅರ್ಧಸ್ವರಕ್ಕೆ ಹೋಗಿ ಕೂರುತ್ತದೆ. ಮಂದ್ರಸ್ಥಾಯಿ ಅವರ ಶ್ರುತಿಯ ತಲೆನೋವಿನ ಅರ್ಧ ಭಾಗಕ್ಕೆ 1970ರ ದಶಕದಲ್ಲೇ ಮದ್ದು ಇತ್ತು. ಅವರೂ ಒಂದು ಕ್ವಾಂಟೈಸರ್ ಮಾಡ್ಯೂಲನ್ನು ಸೀಕ್ವೆನ್ಸರಿನ ಮುಂದೆ ಹಾಕಿಕೊಂಡರೆ ಆಯಿತು.

ನಿಧಾನಲಯ
ಕ್ವಾಂಟೈಸರ್ ಹಾಕಿದರೆ ಹಳೆಯ ಸೀಕ್ವೆನ್ಸರಿನ ಜೀವವೇ ಹೋಯಿತು. ಎರಡು ಅರ್ಧಸ್ವರಗಳ ನಡುವೆ ಇರುವ ಜಾಗವೇ ಅದರ ಸಂಪತ್ತು. ನಾಬನ್ನು ಕೂದಲೆಳೆಯಷ್ಟು ಸರಿಸಿ, ಗಾಂಧಾರವನ್ನು ಒಂಚೂರು ತಗ್ಗಿಸಿ ಕೇಳಿ. ಆ ಸಾಲಿನ ಮುಖವೇ ಬದಲಾಗುತ್ತದೆ. ಪಟ್ಟಿಗೆ ಕಟ್ಟಿಹಾಕಿದ ಸ್ವರಗಳೇ ಬೇಕಿದ್ದರೆ ಕೀಬೋರ್ಡ್ ಇದೆಯಲ್ಲ.

ಹದಿನಾರುಹಂತ
ಕೂದಲೆಳೆಯ ಲೆಕ್ಕ ಹಾಕೋಣ. ನಾಬ್ ತಿರುಗುವುದು 300 ಡಿಗ್ರಿ ಎನ್ನಿ. ಅದು 5 ವೋಲ್ಟ್ ಕೊಟ್ಟರೆ ಅಷ್ಟರಲ್ಲಿ ಐದು ಸ್ಥಾಯಿ, ಅಂದರೆ 60 ಅರ್ಧಸ್ವರ. ಒಂದು ಅರ್ಧಸ್ವರಕ್ಕೆ 5 ಡಿಗ್ರಿ. ಐದು ಸೆಂಟಿನಷ್ಟು ನಿಖರತೆ ಬೇಕಿದ್ದರೆ ಕಾಲು ಡಿಗ್ರಿ ತಿರುಗಿಸಬೇಕು. ಓಡುತ್ತಿರುವ ಸಾಲಿನಲ್ಲಿ, ಕತ್ತಲ ವೇದಿಕೆಯ ಮೇಲೆ, ಯಾರ ಕೈಗೆ ಅದು ಸಾಧ್ಯ? ನೀವು ಹೇಳುವ ಗಾಂಧಾರ ಮನೆಯಲ್ಲಿ ಕೂತು ನುಡಿಸುವಾಗ ಸಿಗುತ್ತದೆ. ಕಛೇರಿಯಲ್ಲಿ ಸಿಗುವುದು ಅಪಶ್ರುತಿ.

ನಿಧಾನಲಯ
960ರಲ್ಲಿ ಪ್ರತಿ ಸಾಲಿಗೂ ಒಂದು, ಎರಡು, ನಾಲ್ಕು ಪಟ್ಟು ಎಂಬ ಶ್ರೇಣಿಯ ಸ್ವಿಚ್ ಇರುವುದು ಇದಕ್ಕಾಗಿಯೇ. ಚಿಕ್ಕ ಶ್ರೇಣಿಗೆ ಇಳಿಸಿದರೆ ನಾಬಿನ ಅದೇ ತಿರುವಿನಲ್ಲಿ ಕಡಿಮೆ ಸ್ವರಗಳು ಹರಡಿಕೊಳ್ಳುತ್ತವೆ, ಕೈಗೆ ಹಿಡಿತ ಸಿಗುತ್ತದೆ. ಒಂದೇ ಸ್ಥಾಯಿ ಸಾಕು ಎಂದು ಒಪ್ಪಿಕೊಂಡರೆ 300 ಡಿಗ್ರಿಯಲ್ಲಿ ಹನ್ನೆರಡೇ ಅರ್ಧಸ್ವರ. ಒಂದಕ್ಕೆ 25 ಡಿಗ್ರಿ. ನಿಮ್ಮ ಲೆಕ್ಕವೇ ನನ್ನ ಪಕ್ಷಕ್ಕೆ ಸಾಕ್ಷಿ ಹೇಳುತ್ತಿದೆ.

ಹದಿನಾರುಹಂತ
ನಾಬ್ ಹೊಸದಿದ್ದರೆ. ಸವೆದ ನಾಬಿಗೆ 25 ಡಿಗ್ರಿ ಕೊಟ್ಟರೂ ಅದು ನಿಂತಲ್ಲಿ ನಿಲ್ಲುವುದಿಲ್ಲ.

ಕೆಂಪುಕೇಬಲ್
ಸಮಾಧಾನ! ಮೂರು ಸಾಲುಗಳಿವೆಯಲ್ಲ, ಒಂದಕ್ಕೆ ಕ್ವಾಂಟೈಸರ್ ಹಾಕಿ ಮಂದ್ರಕ್ಕೆ ಕೊಡಿ, ಉಳಿದವನ್ನು ಹಾಗೆಯೇ ಬಿಡಿ.

ಮಂದ್ರಸ್ಥಾಯಿ
ಫಲಿತಾಂಶ ತಿಳಿಸುತ್ತಿದ್ದೇನೆ. ಮೂರನೇ ಹಂತದಲ್ಲಿ ಮೇಲಿನ ಸಾಲು ಮಾತ್ರ ಕುಣಿಯುತ್ತಿದೆ. ನಾಬನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮೀಟರಿನಲ್ಲಿ 1.020 ಇದ್ದದ್ದು 1.100ರ ಆಸುಪಾಸಿಗೆ ಹೋಗಿ ಮತ್ತೆ ಇಳಿಯುತ್ತದೆ. ಉಳಿದ ಎರಡು ಸಾಲುಗಳು ಅಲುಗಾಡುವುದಿಲ್ಲ. ಚೌಕ ಅಲೆ ಕೊಟ್ಟ ಮೇಲೆ ಹಂತ ಹಾರುವುದು ಪೂರ್ತಿಯಾಗಿ ನಿಂತಿದೆ, ಎಷ್ಟು ವೇಗ ಕೊಟ್ಟರೂ. ಶ್ರುತಿ ಜಾರುವಾಗ ಸೀಕ್ವೆನ್ಸರಿನ ಅಂಕಿ ಸ್ಥಿರವಾಗಿತ್ತು, ಜಾರುತ್ತಿದ್ದದ್ದು ಆಸಿಲೇಟರ್.

ಹಾಗಾದರೆ ಉಳಿದಿರುವುದು ಒಂದು ನಾಬ್. ಕ್ಲೀನರ್ ಸಿಂಪಡಿಸಲೇ, ನೇರವಾಗಿ ಬದಲಾಯಿಸಲೇ?

ಬೆಸುಗೆಗಾರ
ಮೊದಲು ಸ್ವಚ್ಛ ಮಾಡಿ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ, ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡವೇ ಬೇಡ. ಪೊಟೆನ್ಶಿಯೋಮೀಟರಿನ ಕಾಲುಗಳು ಹೊರಬರುವ ಜಾಗದ ಸಂದಿಯಲ್ಲಿ ಒಂದು ಹನಿ ಬಿಟ್ಟು, ನಾಬನ್ನು ಈ ತುದಿಯಿಂದ ಆ ತುದಿಗೆ ಹಲವು ಬಾರಿ ತಿರುಗಿಸಿ, ಒಣಗಲು ಬಿಡಿ. ಧಾರಾಳವಾಗಿ ಸುರಿದರೆ ದಂಡಕ್ಕೆ ಹಚ್ಚಿದ ಗ್ರೀಸ್ ಕರಗಿ ಕಾರ್ಬನ್ ಪಟ್ಟಿಯ ಮೇಲೆ ಇಳಿಯುತ್ತದೆ, ಆಗ ಇದ್ದದ್ದಕ್ಕಿಂತ ಕೆಡುತ್ತದೆ.

ಒಣಗಿದ ಮೇಲೂ ತಟ್ಟಿದಾಗ ಕುಣಿದರೆ ಬದಲಾಯಿಸಿ. ಹಳೆಯದರ ಮೇಲೆ ಬರೆದಿರುವಷ್ಟೇ ಓಮ್ ಪ್ರತಿರೋಧದ್ದನ್ನು ತರಬೇಕು, ಮತ್ತು ಅದು ರೇಖೀಯ ಬಗೆಯದ್ದಾಗಿರಬೇಕು. ಧ್ವನಿಯ ಮಟ್ಟಕ್ಕೆ ಬಳಸುವ ಲಾಗರಿದಮಿಕ್ ಬಗೆ ಹಾಕಿದರೆ ಸ್ವರಗಳೆಲ್ಲ ಒಂದು ತುದಿಯಲ್ಲಿ ಗುಂಪುಗೂಡುತ್ತವೆ. ದಂಡದ ಅಳತೆ ಮುಂಚೆಯೇ ನೋಡಿಕೊಳ್ಳಿ, ಇಲ್ಲವಾದರೆ ಹಳೆಯ ನಾಬಿನ ಟೊಪ್ಪಿ ಕೂರುವುದಿಲ್ಲ.

ಹಾಗೆಯೇ ಒಂದು ಮಾತು: ಹಂತಗಳ ದೀಪಗಳು ಹಳೆಯ ತಂತು ಬಲ್ಬುಗಳಾಗಿದ್ದರೆ ಹುರುಪಿನಲ್ಲಿ ಎಲ್‌ಇಡಿ ಹಾಕಿಬಿಡಬೇಡಿ. ಕೆಲವು ವಿನ್ಯಾಸಗಳಲ್ಲಿ ಬಲ್ಬಿನ ಮೂಲಕ ಹರಿಯುವ ವಿದ್ಯುತ್ ಮಂಡಲದ ಲೆಕ್ಕದಲ್ಲೇ ಸೇರಿರುತ್ತದೆ. ಸ್ಕೀಮ್ಯಾಟಿಕ್ (ಮಂಡಲದ ನಕ್ಷೆ) ನೋಡದೆ ಮುಟ್ಟಬೇಡಿ.

ಹಳೆಯತಂತಿ
ಇದಕ್ಕೇ ನಾನು ಹಳೆಯದರ ಪರ. ಒಂದು ನಾಬ್ ಕೆಟ್ಟರೆ ಒಂದು ನಾಬ್ ಬದಲಾಯಿಸುತ್ತೀರಿ. 24ರಲ್ಲಿ 23 ಕೆಲಸ ಮಾಡುತ್ತಲೇ ಇರುತ್ತವೆ. ಹೊಸ ಯಂತ್ರದ ಪ್ರೊಸೆಸರ್ ಸತ್ತರೆ, ಅದರೊಳಗಿನ ಸಾಫ್ಟ್‌ವೇರ್ ಎಲ್ಲಿಯೂ ಸಿಗದಿದ್ದರೆ, ಇಡೀ ಪೆಟ್ಟಿಗೆ ಕಪಾಟು ಸೇರುತ್ತದೆ.

ಕೆಂಪುಕೇಬಲ್
ಹೊಸದು ಎಂದರೆ ಪ್ರೊಸೆಸರ್ ಇರಲೇಬೇಕೆಂದೇನೂ ಇಲ್ಲ. ಡೋಪ್ಫರ್ ಕಂಪನಿಯ ಎ-155 ಸೀಕ್ವೆನ್ಸರ್ ನೋಡಿ, ಎಂಟು ಹಂತ, ಎರಡು ಸಾಲು, ಹಳೆಯ ಮನೋಧರ್ಮದ್ದೇ. 4017 ಎಂಬ ಎಣಿಕೆಯ ಚಿಪ್ ಒಂದನ್ನು ಹಿಡಿದು ಸ್ವಂತವಾಗಿ ಕಟ್ಟಿಕೊಂಡವರೂ ಬಹಳ ಮಂದಿ. ಕ್ಲಾಕ್ ಕೊಟ್ಟರೆ ಹತ್ತು ಕಾಲುಗಳು ಒಂದಾದ ಮೇಲೊಂದು ಎಚ್ಚರಗೊಳ್ಳುತ್ತವೆ. ಪ್ರತಿ ಕಾಲಿಗೆ ಒಂದು ಪೊಟೆನ್ಶಿಯೋಮೀಟರ್, ಒಂದು ಡಯೋಡ್, ಕೊನೆಗೊಂದು ಆಪ್-ಆಂಪ್ ಬಫರ್. ಡಯೋಡ್ ಬಿಟ್ಟರೆ ಒಂದು ಹಂತದ ವೋಲ್ಟೇಜ್ ಮಲಗಿರುವ ಇತರ ಕಾಲುಗಳೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ.

ರಾತ್ರಿಶ್ರುತಿ
ಐದೇ ಹಂತ ಬೇಕಿದ್ದರೆ ಆರನೇ ಕಾಲನ್ನು ರೀಸೆಟ್‌ಗೆ ಜೋಡಿಸುವುದು, ಅಲ್ಲವೇ?

ಅಲೆಗಳಲೆಕ್ಕ
ಹೌದು. ಆರನೆಯದು ಎಚ್ಚರವಾದ ಕ್ಷಣದಲ್ಲೇ ರೀಸೆಟ್ ಆಗಿ ಮೊದಲನೆಯದಕ್ಕೆ ಬರುತ್ತದೆ. ಅಷ್ಟು ಕಡಿಮೆ ಹೊತ್ತು ಕಿವಿಗೆ ಸಿಗುವುದಿಲ್ಲ. ಎಂಟರ ಸಾಲಿನ ಪಕ್ಕದಲ್ಲಿ ಐದರ ಸಾಲನ್ನು ಒಂದೇ ಕ್ಲಾಕಿನಿಂದ ಓಡಿಸಿ. ಎರಡೂ ಮತ್ತೆ ಒಟ್ಟಿಗೆ ಮೊದಲಿಗೆ ಬರುವುದು 40 ಹೆಜ್ಜೆಗಳ ನಂತರ. ಮೆಮೊರಿ ಇಲ್ಲದ ಯಂತ್ರದಿಂದ 40 ಹೆಜ್ಜೆಯ ಸಾಲು! ಐದರ ಸಾಲನ್ನು ಫಿಲ್ಟರಿಗೆ ಕೊಟ್ಟರೆ ಇನ್ನೂ ಸೊಗಸು. ಸ್ವರ ಅದೇ ಬಂದರೂ ಅದರ ಬಣ್ಣ ಪ್ರತಿ ಸುತ್ತಿನಲ್ಲೂ ಬೇರೆ.

ಹದಿನಾರುಹಂತ
ರೋಲ್ಯಾಂಡಿನವರು ಸಿಸ್ಟಮ್ 700ರ 717ಎ ಮಾಡ್ಯೂಲಿನಲ್ಲಿ 12 ಹಂತ, ಮೂರು ಸಾಲು ಇಟ್ಟರು. ಕಾರ್ಗ್ ಎಸ್‌ಕ್ಯೂ-10ರಲ್ಲೂ ಹಾಗೆಯೇ. ಎಂಟಕ್ಕಿಂತ ಹನ್ನೆರಡು ಎಷ್ಟೋ ವಾಸಿ. ಮೂರರ ನಡೆಗೂ ಬರುತ್ತದೆ, ನಾಲ್ಕರ ನಡೆಗೂ ಬರುತ್ತದೆ.

ರಾತ್ರಿಶ್ರುತಿ
ಎಸ್‌ಕ್ಯೂ-10 ಅನ್ನು ಮೂಗ್ ಬಗೆಯ ವ್ಯವಸ್ಥೆಗೆ ನೇರವಾಗಿ ಜೋಡಿಸಬಹುದೇ?

ಬೆಸುಗೆಗಾರ
ಸ್ವರದ ವೋಲ್ಟೇಜ್ ಕೊಡಬಹುದು. ಅದು ಬರೀ ವೋಲ್ಟೇಜ್ ತಾನೇ. ನಾಬ್‌ಗಳನ್ನು ಹೊಸದಾಗಿ ಶ್ರುತಿ ಮಾಡಿಕೊಂಡರಾಯಿತು. ಆದರೆ ಅದು ಹುಟ್ಟಿದ್ದು ಕಾರ್ಗ್‌ನದೇ ಸಿಂಥಸೈಜರ್ ಎಂಎಸ್-20ರ ಜೊತೆಗಾಗಿ. ಆ ಪದ್ಧತಿಯಲ್ಲಿ ಆವರ್ತನ ವೋಲ್ಟೇಜಿಗೆ ನೇರ ಅನುಪಾತದಲ್ಲಿರುತ್ತದೆ: 1 ವೋಲ್ಟ್, 2 ವೋಲ್ಟ್, 4 ವೋಲ್ಟ್, ಹೀಗೆ ಪ್ರತಿ ಸ್ಥಾಯಿಗೂ ವೋಲ್ಟೇಜ್ ಇಮ್ಮಡಿ. ಫ್ರಾಂಕೆ ಮಾಡುತ್ತಿದ್ದಂತೆ ಕೀಬೋರ್ಡಿನ ವೋಲ್ಟೇಜ್ ಕೂಡಿಸಿ ಸಾಲನ್ನು ಸರಿಸುವುದು ಅಲ್ಲಿ ನಡೆಯದು, ಸ್ವರಗಳ ನಡುವಿನ ಅಂತರ ಕೆಟ್ಟುಹೋಗುತ್ತದೆ. ಅಲ್ಲಿ ಕೂಡಿಸುವುದಲ್ಲ, ಗುಣಿಸಬೇಕು.

ಟ್ರಿಗರ್ (ಸ್ವರ ಶುರುಮಾಡು ಎಂಬ ಸೂಚನೆ) ಕೂಡ ನೋಡಿಕೊಳ್ಳಿ. ಎಸ್-ಟ್ರಿಗರ್ ಎಂದರೆ ತಂತಿಯನ್ನು ನೆಲಕ್ಕೆ ತಾಗಿಸಿ ಸೂಚನೆ ಕೊಡುವುದು. ಇತರರ ವಿ-ಟ್ರಿಗರ್ ಎಂದರೆ ವೋಲ್ಟೇಜ್ ಏರಿಸಿ ಸೂಚನೆ ಕೊಡುವುದು. ಒಂದಕ್ಕೊಂದು ತದ್ವಿರುದ್ಧ. ನಡುವೆ ಪರಿವರ್ತಕ ಬೇಕು. ಹಳೆಯ ಮೂಗ್ ಮಾಡ್ಯುಲರುಗಳಲ್ಲೂ ಎಸ್-ಟ್ರಿಗರ್ ಇದೆ, ಮೂಗ್‌ನ 961 ಮಾಡ್ಯೂಲ್ ಇರುವುದೇ ಈ ಎರಡನ್ನು ಹೊಂದಿಸಲು.

ಹಳೆಯತಂತಿ
ಬುಕ್ಲಾ 200 ಸರಣಿಯದು ಮೂರನೆಯ ದಾರಿ. ಒಂದು ಸ್ಥಾಯಿಗೆ 1.2 ವೋಲ್ಟ್. ಅರ್ಧಸ್ವರಕ್ಕೆ ಸರಿಯಾಗಿ 0.1 ವೋಲ್ಟ್. 83.3ರ ಮಗ್ಗಿ ಬೇಕಾಗಿಲ್ಲ.

ನಿಧಾನಲಯ
ಪಿಂಕ್ ಫ್ಲಾಯ್ಡ್ 1973ರಲ್ಲಿ ‘ಆನ್ ದ ರನ್’ ಮಾಡಿದ್ದೂ ಇಂಥ ನಾಬ್‌ಗಳ ಸೀಕ್ವೆನ್ಸರಿನಲ್ಲೇ ಅಲ್ಲವೇ?

ಹದಿನಾರುಹಂತ
ಅಲ್ಲ. ಅದು ಇಎಂಎಸ್ ಕಂಪನಿಯ ಸಿಂಥಸೈಜರ್ ಸಿಂಥಿ ಎಕೆಎಸ್. ಧ್ವನಿ ಅನಲಾಗ್, ಸೀಕ್ವೆನ್ಸರ್ ಮಾತ್ರ ಡಿಜಿಟಲ್ ಮೆಮೊರಿ, 256 ಘಟನೆಗಳವರೆಗೆ. ಸ್ವರಗಳನ್ನು ಮುಟ್ಟು ಕೀಬೋರ್ಡಿನಲ್ಲಿ ನುಡಿಸಿ ತುಂಬಿಸಿ, ಆಮೇಲೆ ಎಷ್ಟು ಬೇಕೋ ಅಷ್ಟು ವೇಗದಲ್ಲಿ ಓಡಿಸಬಹುದಿತ್ತು. ಆದ್ದರಿಂದ 1970ರ ದಶಕದ್ದೆಲ್ಲ ನಾಬ್ ತಿರುಗಿಸಿ ಮಾಡಿದ್ದು ಎಂದು ತಿಳಿಯಬೇಕಿಲ್ಲ.

ಮಂದ್ರಸ್ಥಾಯಿ
ನಾಬ್ ಸ್ವಚ್ಛ ಮಾಡಿದೆ. ತಟ್ಟಿದರೆ ಈಗ ಎರಡು ಮೂರು ಮಿಲಿವೋಲ್ಟ್ ಮಾತ್ರ ಅಲುಗುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಬದಲಿ ಪೊಟೆನ್ಶಿಯೋಮೀಟರ್ ಒಂದನ್ನು ತರಿಸಿ ಇಟ್ಟುಕೊಳ್ಳುತ್ತೇನೆ. ಯಂತ್ರ ನನ್ನಲ್ಲೇ ಇರುತ್ತದೆ. ಎಲ್ಲರಿಗೂ ಕೃತಜ್ಞತೆಗಳು.

ಇನ್ನೊಂದು ಸಂದೇಹ. ಮೂರನೇ ಸಾಲಿನ ಕೆಳಗೆ ಸಮಯಕ್ಕೆ ಸಂಬಂಧಿಸಿದ ಒಂದು ಸ್ವಿಚ್ ಇದೆ. ಅದನ್ನು ಹಾಕಿದರೆ ಲಯ ಅಡ್ಡಾದಿಡ್ಡಿಯಾಗುತ್ತದೆ. ಅದನ್ನು ಹೇಗೆ ಬಳಸುವುದು?

ನಿಧಾನಲಯ
ಅದನ್ನು ಇಷ್ಟು ದಿನ ಮುಟ್ಟದೆ ಇದ್ದಿರಾ! ಮೂರನೇ ಸಾಲಿನ ವೋಲ್ಟೇಜ್ ಒಳಗಿನ ಕ್ಲಾಕಿನ ವೇಗಕ್ಕೆ ಹೋಗುತ್ತದೆ. ಅಂದರೆ ಪ್ರತಿ ಹಂತ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅದರ ಕೆಳಗಿನ ನಾಬ್ ತೀರ್ಮಾನಿಸುತ್ತದೆ. ಮೊದಲು ಆ ಸಾಲಿನ ಎಲ್ಲ ನಾಬ್‌ಗಳನ್ನೂ ಒಂದೇ ಮಟ್ಟಕ್ಕೆ ತನ್ನಿ, ಲಯ ಸಮನಾಗುತ್ತದೆ. ಆಮೇಲೆ ಒಂದೇ ಒಂದನ್ನು, ನಾಲ್ಕನೆಯದನ್ನು ಅನ್ನಿ, ಆ ಸ್ವರ ಇಮ್ಮಡಿ ಹೊತ್ತು ನಿಲ್ಲುವವರೆಗೆ ತಿರುಗಿಸಿ. ಎಂಟು ಸ್ವರಗಳು ಒಂಬತ್ತು ಮಾತ್ರೆಗಳನ್ನು ತುಂಬುತ್ತವೆ. ಅಲ್ಲಿಂದ ಮುಂದೆ ಕಿವಿಯನ್ನು ನಂಬಿ.

ಅಲೆಗಳಲೆಕ್ಕ
ಇದಕ್ಕೆ ಒಳಗಿನ ಕ್ಲಾಕ್ ಬಳಸಬೇಕು. ಹೊರಗಿನಿಂದ ಕೊಡುವ ಚೌಕ ಅಲೆಯ ಮೇಲೆ ಆ ಸ್ವಿಚ್ಚಿಗೆ ಹಿಡಿತ ಇಲ್ಲ. ಹೊರಗಿನದನ್ನೇ ಬಳಸಬೇಕಿದ್ದರೆ ಮೂರನೇ ಸಾಲಿನ ಔಟ್‌ಪುಟ್‌ನಿಂದ ಒಂದು ಕೇಬಲ್ ತೆಗೆದು ಆ ನಿಧಾನದ ಆಸಿಲೇಟರಿನ ಆವರ್ತನದ ಇನ್‌ಪುಟ್‌ಗೆ ಕೊಡಿ, ಅದೇ ಕೆಲಸ ಆಗುತ್ತದೆ.